ಕಂಡುಬಂದಿಲ್ಲ

ಜನವರಿ ೧೧
ಹಡಗಿನಿಂದ

ಕೆಂಪಿಂಕು ಚಿಕ್ಕಮ್ಮನಿಗೆ,

ಈ ಪತ್ರವನ್ನೂ ನೀನು ಪೆನ್ನು ಹಿಡಿದುಕೊಂಡೇ ಓದುತ್ತೀಯ ಎಂದು ಗೊತ್ತು. ತಪ್ಪು ಸಿಕ್ಕರೆ ತಿದ್ದಿ ನಿನ್ನ ಹತ್ತಿರವೇ ಇಟ್ಟುಕೋ. ಹಾಸ್ಟೆಲಿನಿಂದ ಬರೆದ ಪತ್ರಗಳನ್ನೆಲ್ಲ ಕೆಂಪು ಮಾಡಿ ವಾಪಸ್ ಕಳಿಸಿದ್ದೀಯಲ್ಲ, ಅಷ್ಟು ಸಾಕು.

ಕಾಗದದ ಮೇಲೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಲ್ಲಿ ಫೋನು, ಇಂಟರ್ನೆಟ್ಟು ಎಲ್ಲ ಹಾದುಹೋಗುವುದು ಇಸ್ತ್ರಿಯ ಕೋಣೆಯ ಮೂಲಕ. ಇಸ್ತ್ರಿ ಎಂದರೆ ಕಂಪನಿಯ ಪ್ರತಿನಿಧಿ. ಹಡಗು ಹೊಯ್ದಾಡಿ ಊಟದ ತಟ್ಟೆಗಳು ಗೋಡೆಗೆ ಬಡಿದರೂ ಅವನ ಅಂಗಿಯ ಮೇಲೆ ಒಂದು ಸುಕ್ಕು ಬೀಳುವುದಿಲ್ಲ. ಅಡುಗೆಯವರು ಇಟ್ಟ ಹೆಸರು ಅದು, ಈಗ ಎಲ್ಲರ ಬಾಯಲ್ಲೂ ಅದೇ. ತರಕಾರಿ, ಡೀಸೆಲ್ ತರುವ ದೋಣಿ ಎರಡು ವಾರಕ್ಕೊಮ್ಮೆ ಬರುತ್ತದೆ. ಆ ದೋಣಿಯಣ್ಣ ಪತ್ರ ಒಯ್ಯಲು ಒಪ್ಪಿದ್ದಾನೆ.

ನನ್ನ ಕೆಲಸ ಏನು ಎಂದು ಅಮ್ಮ ಪದೇಪದೇ ಕೇಳುತ್ತಾಳಲ್ಲ, ಹೀಗೆ ಹೇಳು. ಕಡಲತಳವನ್ನು ಸೈಟು ಹಂಚಿದ ಹಾಗೆ ತುಂಡು ಮಾಡಿದ್ದಾರೆ. ನಾವು ನಿಂತಿರುವುದು ಹನ್ನೆರಡನೇ ತುಂಡಿನ ಮೇಲೆ. ಬಹಳ ಆಳ, ಬೆಳಕು ಹೋಗದ ಜಾಗ. ಅಲ್ಲಿ ಆಲೂಗಡ್ಡೆ ಗಾತ್ರದ ಲೋಹದ ಗಂಟುಗಳು ಹರಡಿಕೊಂಡಿವೆ. ಅವನ್ನೆಲ್ಲ ಬಾಚಿ ಮೇಲೆತ್ತಲು ಕಂಪನಿ ಅನುಮತಿ ಕೇಳಿದೆ. ಬಾಚುವ ಮೊದಲು ಅಲ್ಲಿ ಯಾರಾದರೂ ವಾಸ ಇದ್ದಾರಾ ಎಂದು ನೋಡಬೇಕು, ಅದು ಕಾನೂನು. ನೋಡಿ ಹೇಳಬೇಕಾದವಳು ನಾನು. ನೂರಾರು ವರ್ಷ ಅಲುಗಾಡದೆ ಕೂತ ಜೀವಿಗಳು ಅಲ್ಲಿ ಇರಬಹುದು, ಚಿಕ್ಕಮ್ಮ. ಒಮ್ಮೆ ಬಾಚಿದರೆ ಮುಗಿಯಿತು.

ಮೊದಲ ಸಲ ಕ್ಯಾಮೆರಾ ಇಳಿಸಿದ್ದಾಯಿತು. ಅದರ ಸುದ್ದಿ ಬೇಡ, ಇನ್ನೊಮ್ಮೆ ಬರೆಯುತ್ತೇನೆ. ಅಮ್ಮನಿಗೆ ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳು.

ನಿನ್ನ
ಅಲ್ಪವಿರಾಮ


ಫೆಬ್ರವರಿ ೪

ಅಲ್ಪವಿರಾಮಕ್ಕೆ,

ಚಿಕ್ಕವಳಿದ್ದಾಗ ಉಸಿರು ಬಿಡದೆ ಮಾತಾಡುತ್ತಿದ್ದೆ ಎಂದು ಈ ಹೆಸರಿಟ್ಟೆ. ಈಗ ‘ಇನ್ನೊಮ್ಮೆ ಬರೆಯುತ್ತೇನೆ’ ಎಂದು ಬಾಯಿ ಮುಚ್ಚಿಕೊಳ್ಳುವುದನ್ನೂ ಕಲಿತಿದ್ದೀಯ. ನನಗೆ ಅರ್ಥವಾಯಿತು. ಇಳಿಸಿ ನೋಡಿದಿರಿ, ಅಲ್ಲಿ ಏನೂ ಇಲ್ಲ, ನಿನಗೆ ಬೇಜಾರು. ಹೋಗಲಿ ಬಿಡು. ಇಲ್ಲದ್ದು ಇಲ್ಲ ಎಂದು ಗೊತ್ತಾಗುವುದೂ ವಿಜ್ಞಾನವೇ ತಾನೆ.

ಈಗ ನನ್ನ ಸುದ್ದಿ ಕೇಳು. ನಿನ್ನ ಸರ್ವೆಯ ಸಾರಾಂಶ ಪುಸ್ತಿಕೆ ಅಚ್ಚಾಗಲು ಬಂದದ್ದು ಯಾವ ಪ್ರೆಸ್ಸಿಗೆ? ನಮ್ಮದಕ್ಕೆ! ಬಾಗಿಲ ಪಕ್ಕದಲ್ಲಿ ನಾನು ಕರಡು ತಿದ್ದುವ ಮೇಜಿಗೆ, ಅದೂ ನಿನ್ನ ಹೆಸರಿನ ಸಮೇತ. ಅನುಮತಿಯ ಬಗ್ಗೆ ಮಾರ್ಚಿನಲ್ಲಿ ಸಾರ್ವಜನಿಕ ಸಭೆ ಇದೆಯಂತೆ, ಬಂದವರಿಗೆಲ್ಲ ಹಂಚಲು. ಮ್ಯಾನೇಜರಿಗೆ ‘ಇದು ನನ್ನ ಮಗಳು ಬರೆದದ್ದು’ ಎಂದೆ. ‘ನಿಮಗೆ ಮಕ್ಕಳಿಲ್ಲವಲ್ಲ’ ಎಂದ. ಅವನಿಗೆ ಅಕ್ಕನ ಮಗಳು, ಸ್ವಂತ ಮಗಳು ಎಂಬ ವ್ಯಾಕರಣವೆಲ್ಲ ಬೇಕು.

ಬರವಣಿಗೆ ಚೆನ್ನಾಗಿದೆ. ಆದರೆ ಕಚೇರಿ ಭಾಷೆ ನಿನಗೂ ಅಂಟಿದೆ. ಮಾಡಲಾಗಿದೆ, ನೋಡಲಾಗಿದೆ, ಕಂಡುಬಂದಿದೆ! ನಾನು ಸುಮ್ಮನಿರಲಿಲ್ಲ. ಕೊಬ್ಬನ್ನೆಲ್ಲ ಕತ್ತರಿಸಿ ಹಾಕಿದ್ದೇನೆ. ಈಗ ಓದಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನೀನು ನೋಡಿ ಖುಷಿಪಡುತ್ತೀಯ.

ಇದೇ ಗಡಿಬಿಡಿಯಲ್ಲಿ ಬೆಳಿಗ್ಗೆಯ ದೋಣಿ ತಪ್ಪಿಹೋಯಿತು. ಈ ಪತ್ರ ಮುಂದಿನ ದೋಣಿಗೆ.

ಚಿಕ್ಕಮ್ಮ


ಫೆಬ್ರವರಿ ೬
ಹಡಗಿನಿಂದ

ಚಿಕ್ಕಮ್ಮ,

ದೋಣಿ ಬಂತು, ನಿನ್ನ ಪತ್ರ ಬರಲಿಲ್ಲ. ದೋಣಿಯಣ್ಣ ಎಂಜಿನ್ ಆರಿಸದೆ ಕಾಯುತ್ತಿದ್ದಾನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕಾಗುಣಿತ ನೋಡಬೇಡ.

ಇಸ್ತ್ರಿ ನಿನ್ನೆ ಊಟದ ಕೋಣೆಯಲ್ಲಿ ಎಲ್ಲರಿಗೂ ಸಾರಾಂಶ ಪುಸ್ತಿಕೆಯ ಪ್ರತಿ ಹಂಚಿದ. ಅಚ್ಚಿಗೆ ಹೋಗುವ ಕೊನೆಯ ರೂಪವಂತೆ. ಮೂರನೇ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಹೀಗಿದೆ: ‘ಹನ್ನೆರಡನೇ ತುಂಡಿನ ತಳದಲ್ಲಿ ಜೀವಿಗಳು ಇಲ್ಲ.’

ನಾನು ಬರೆದದ್ದು ‘ಜೀವಿಗಳು ಕಂಡುಬಂದಿಲ್ಲ’ ಎಂದು.

ಕಾಣುವುದಾದರೂ ಹೇಗೆ? ನಿನಗೆ ನಾಚಿಕೆಯಿಂದ ಬರೆದಿರಲಿಲ್ಲ. ಮೊದಲ ಸಲ ಕ್ಯಾಮೆರಾದ ಚೌಕಟ್ಟು ತಳಕ್ಕೆ ಬಡಿದು, ಕೆಸರು ಎದ್ದು, ತೆರೆಯ ಮೇಲೆ ಹಾಲಿನ ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ. ಪೂರ್ತಿ ಸಮಯ ಹಾಗೇ ಹೋಯಿತು. ನಾನು ಏನನ್ನೂ ನೋಡಿಯೇ ಇಲ್ಲ! ಎರಡನೇ ಸಲ ಇಳಿಸಿದ ಮೇಲೆ ಸರಿಯಾಗಿ ಬರೆಯೋಣ ಎಂದು ಮಧ್ಯಂತರ ವರದಿಯಲ್ಲಿ ಅಷ್ಟೇ ಹೇಳಿದ್ದೆ. ಈಗ ಇಸ್ತ್ರಿ ಹೇಳುತ್ತಾನೆ, ‘ಇಲ್ಲ ಅಂತ ನೀವೇ ಬರ್ದಿದ್ದೀರಲ್ಲ, ಮತ್ತೆ ಯಾಕೆ ಇಳಿಸ್ಬೇಕು?’

ಈ ಪುಸ್ತಿಕೆ ಸಭೆಯಲ್ಲಿ ಹಂಚಿದರೆ ಹನ್ನೆರಡನೇ ತುಂಡಿನ ಕಥೆ ಮುಗಿದ ಹಾಗೆ. ನನ್ನ ಹೆಸರಿನಲ್ಲಿ ಮುಗಿಸುತ್ತಾರೆ. ಅಚ್ಚು ಹಾಕುವುದು ನಿಮ್ಮ ಪ್ರೆಸ್ಸೇ ಎಂದು ಹಿಂಬದಿಯಲ್ಲಿದೆ. ಯಾವನೋ ಕಂಪನಿಯ ಚೇಲಾ ಅಲ್ಲಿ ಸೇರಿಕೊಂಡು ಇದನ್ನು ತಿದ್ದಿದ್ದಾನೆ. ಅವನನ್ನು ಹುಡುಕು ಚಿಕ್ಕಮ್ಮ. ಕೊರಳಪಟ್ಟಿ ಹಿಡಿದು ಕೇಳು.

ಅ.


ಫೆಬ್ರವರಿ ೧೯

ಮಗಳೇ,

ಇದರ ಜೊತೆ ಇನ್ನೊಂದು ಪತ್ರ ಬರುತ್ತದೆ, ನಾಲ್ಕನೇ ತಾರೀಖಿನದು. ಮೊದಲು ಇದನ್ನು ಓದು.

ಚೇಲಾ ಸಿಕ್ಕಿದ್ದಾಳೆ. ಬಾಗಿಲ ಪಕ್ಕದ ಮೇಜು, ಕೆಂಪು ಪೆನ್ನು, ನಿನ್ನ ಅಮ್ಮನದೇ ಮೂಗು. ಕೊರಳಪಟ್ಟಿ ಹಿಡಿಯೋಣವೆಂದರೆ ಸೀರೆ ಉಟ್ಟಿದ್ದಾಳೆ.

ಕಂಪನಿ ತಿದ್ದಿಸಲಿಲ್ಲ, ಯಾರೂ ಹೇಳಿಕೊಡಲಿಲ್ಲ. ನಾನೇ ಹೊಡೆದು ಹಾಕಿದೆ. ಕೆಲಸಕ್ಕೆ ಸೇರಿದಂದಿನಿಂದ ಕಣ್ಣಿಗೆ ಬಿದ್ದ ಕಡೆಯಲ್ಲೆಲ್ಲ ಆ ಪದವನ್ನು ಹೊಡೆದು ಹಾಕಿದ್ದೇನೆ. ಯಾಕೆ ಎಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಅಪ್ಪ ಇದ್ದ ಹಡಗು ಮುಳುಗಿದಾಗ ಬಂದರಿನ ಕಚೇರಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು. ‘ಶೋಧ ನಡೆಸಲಾಗಿ ಸದರಿಯವರು ಕಂಡುಬಂದಿಲ್ಲ.’ ಇಲ್ಲ ಎಂದಿದ್ದರೆ ಅಕ್ಕ ಅತ್ತು ಎದ್ದು ನಿಲ್ಲುತ್ತಿದ್ದಳು. ಆ ಪದ ಅವಳನ್ನು ಬಾಗಿಲ ಕಡೆ ಮುಖ ಮಾಡಿ ಕೂರಿಸಿತು. ಅವತ್ತಿನಿಂದ ನನಗೂ ಅದಕ್ಕೂ ಹಗೆ. ನಿನ್ನ ವಾಕ್ಯದಲ್ಲಿ ಅದನ್ನು ನೋಡಿದಾಗ ಕೈ ತಾನಾಗಿ ಹೋಯಿತು. ಒಳಗೆ ಏನಿದೆ ಎಂದು ನೋಡಲಿಲ್ಲ.

ನಿನ್ನ ಪತ್ರವನ್ನು ಅಕ್ಕನಿಗೂ ಓದಿ ಹೇಳಿದೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ನರ್ಸ್ ಬಟ್ಟೆಯಲ್ಲೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ಅದು ನನ್ ಪದ ಕಣೇ. ಅದನ್ನ ಹಿಡ್ಕೊಂಡೇ ನಾನು ಎದ್ದಿದ್ದು, ಕೆಲ್ಸಕ್ಕೆ ಹೋಗಿದ್ದು, ಮಗೂನ ಓದ್ಸಿದ್ದು. ಅವರು ಬರಲ್ಲ ಅಂತ ನಂಗೆ ಯಾವತ್ತೋ ಗೊತ್ತು. ಆದ್ರೆ ನೋಡ್ದೇ ಇರೋದನ್ನ ಇಲ್ಲ ಅಂತ ಬರೆಯೋಕೆ ಆ ಆಫೀಸಿನವ್ರಿಗೂ ಮನಸ್ಸು ಬರ್ಲಿಲ್ಲ. ನಿಂಗೆ ಬಂತಲ್ಲ.’

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ಅಕ್ಕನ ಪರವಾಗಿ ಎಂದುಕೊಂಡು ಅಕ್ಕನ ಪದವನ್ನೇ ಹೊಡೆಯುತ್ತಾ ಬಂದಿದ್ದೇನೆ.

ಮರುದಿನವೇ ಮ್ಯಾನೇಜರಿನ ಮುಂದೆ ನಿಂತೆ. ತಿದ್ದುಪಡಿ ಹಾಕಿ ಎಂದೆ. ಅವನು ಕಂಪನಿಗೆ ಫೋನು ಮಾಡಿದ. ಆ ಕಡೆಯಿಂದ, ‘ವಾಕ್ಯ ಸರಿಯಾಗಿದೆ, ತಿದ್ದಿದವರಿಗೆ ನಮ್ಮ ಕಡೆಯಿಂದ ಥ್ಯಾಂಕ್ಸ್ ಹೇಳಿ’ ಎಂದು ಉತ್ತರ. ನನ್ನ ಸರ್ವೀಸಿನಲ್ಲಿ ಒಬ್ಬ ಗಿರಾಕಿ ನನ್ನನ್ನು ಹೊಗಳಿದ್ದು ಇದೇ ಮೊದಲು. ಮೈಯೆಲ್ಲ ಉರಿಯಿತು.

ಸಭೆ ಮಾರ್ಚ್ ಒಂಬತ್ತಕ್ಕೆ. ನಾನು ಹೋಗುತ್ತೇನೆ. ಹಾಕಿದವಳು ನಾನು, ತೆಗೆಯುವವಳೂ ನಾನೇ. ಪ್ರೆಸ್ಸಿನಲ್ಲಿ ಎಲ್ಲ ಮಾಮೂಲು, ಚಿಂತೆ ಬೇಡ.

ಚಿಕ್ಕಮ್ಮ


ಫೆಬ್ರವರಿ ೨೪
ಹಡಗಿನಿಂದ

ಚಿಕ್ಕಮ್ಮ,

ನೀನು ಹೇಳಿದ ಹಾಗೆ ಮಾಡಲಿಲ್ಲ. ನಾಲ್ಕನೇ ತಾರೀಖಿನದನ್ನೇ ಮೊದಲು ಒಡೆದೆ. ‘ನೀನು ನೋಡಿ ಖುಷಿಪಡುತ್ತೀಯ’ ಎಂಬಲ್ಲಿಗೆ ಬಂದಾಗ ಕಾಗದ ಮುದ್ದೆ ಮಾಡಿ ಎಸೆದೆ. ಕಾಲುಗಂಟೆ ಬಿಟ್ಟು ಎತ್ತಿಕೊಂಡು ಬಂದೆ.

ಸಿಟ್ಟು ಬಂದಿದೆ. ಬಂದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಅಮ್ಮ ಹೇಳಿದ್ದನ್ನು ಓದಿದ ಮೇಲೆ ಸಿಟ್ಟಿನ ಜೊತೆಗೆ ಇನ್ನೊಂದು ಏನೋ ಬಂದು ಕೂತಿದೆ, ಅದಕ್ಕೆ ಹೆಸರು ಗೊತ್ತಿಲ್ಲ. ಅಪ್ಪನ ಬಗ್ಗೆ ಅಮ್ಮ ನನ್ನ ಹತ್ತಿರ ಇಷ್ಟು ಮಾತು ಯಾವತ್ತೂ ಆಡಿಲ್ಲ. ನಾನು ಈ ಕೆಲಸಕ್ಕೆ ಬಂದಾಗಲೂ ಯಾಕೆ ಎಂದು ಕೇಳಲಿಲ್ಲ. ಈಗ ಅನಿಸುತ್ತದೆ, ನಮ್ಮ ಮನೆಯಲ್ಲಿ ಎಲ್ಲರಿಗೂ ತಳ ನೋಡಬೇಕೆಂಬ ಹಟ, ಹೇಳಿಕೊಂಡವರು ಮಾತ್ರ ಯಾರೂ ಇಲ್ಲ.

ಸಭೆಗೆ ಹೋಗು. ಆದರೆ ಬರಿಗೈಲಿ ಹೋಗಬೇಕಾಗುತ್ತದೆ. ಕಳಿಸಲು ನನ್ನ ಹತ್ತಿರ ಒಂದು ಚಿತ್ರವೂ ಇಲ್ಲ. ಎರಡನೇ ಸಲ ಇಳಿಸಲು ಇಸ್ತ್ರಿ ಒಪ್ಪಿಲ್ಲ. ಹಡಗಿನ ಬಾಡಿಗೆ ಕಂಪನಿಯದಾದ್ದರಿಂದ ನಮ್ಮ ಮುಖ್ಯಸ್ಥರು ನೆಲ ನೋಡುತ್ತಾರೆ. ಕೊನೆಯ ವರದಿಗೆ ನನ್ನ ಸಹಿ ಬೇಕು, ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಇಸ್ತ್ರಿ ಒಳ್ಳೆಯ ಪೆನ್ನು ತಂದುಕೊಟ್ಟ. ಪೆನ್ನು ಇಟ್ಟುಕೊಂಡೆ. ಈ ಪತ್ರ ಅದರಲ್ಲೇ ಬರೆಯುತ್ತಿದ್ದೇನೆ, ಚೆನ್ನಾಗಿ ಓಡುತ್ತದೆ.

ನನ್ನ ಬಗ್ಗೆ ಯೋಚನೆ ಬೇಡ. ದಿನವೂ ಕ್ಯಾಮೆರಾ ಕೋಣೆಯ ಹತ್ತಿರವೇ ಇರುತ್ತೇನೆ.

ಅ.


ಮಾರ್ಚ್ ೧೦

ಅಲ್ಪವಿರಾಮಕ್ಕೆ,

‘ಕೋಣೆಯ ಹತ್ತಿರ’ ಎಂದು ಬರೆದಿದ್ದೆ. ‘ಕೋಣೆಯಲ್ಲಿ’ ಎಂದಿರಲಿಲ್ಲ. ಇದನ್ನು ಗಮನಿಸದೆ ಹೋದೆನಲ್ಲ, ಕರಡು ತಿದ್ದುವವಳಂತೆ ನಾನು!

ನಿನ್ನೆಯ ಸಭೆಯನ್ನು ಮೊದಲಿನಿಂದ ಹೇಳುತ್ತೇನೆ.

ಬಾಗಿಲು ತೆರೆಯುವ ಹೊತ್ತಿಗೇ ನಾನೂ ಅಕ್ಕನೂ ಸಭಾಂಗಣದಲ್ಲಿದ್ದೆವು. ಅವಳು ರಜೆ ಹಾಕಿ ಬಂದಿದ್ದಳು. ಸಾಲುಸಾಲು ಕಬ್ಬಿಣದ ಕುರ್ಚಿಗಳು, ಪ್ರತಿ ಕುರ್ಚಿಯ ಮೇಲೂ ನಿನ್ನ ಪುಸ್ತಿಕೆ. ಕಾವಲಿನವನು ಹೊರಗೆ ಬೀಡಿ ಸೇದುತ್ತಿದ್ದ. ನಾನು ಎಡಗಡೆಯ ಸಾಲಿನಿಂದ ಶುರುಮಾಡಿದೆ, ಅಕ್ಕ ಬಲಗಡೆಯಿಂದ. ಮೂರನೇ ಪುಟ, ‘ಇಲ್ಲ’ ಎಂಬುದಕ್ಕೆ ಮೊದಲು ಒಂದು ಹಂಸಪಾದ, ಅದರ ನೆತ್ತಿಯ ಮೇಲೆ ‘ಕಂಡುಬಂದು’. ಬಿಟ್ಟುಹೋದ ಪದ ಸೇರಿಸುವ ಆ ಗುರುತನ್ನು ಅಕ್ಕನಿಗೆ ಹಿಂದಿನ ದಿನವೇ ಹೇಳಿಕೊಟ್ಟಿದ್ದೆ. ಅವಳದು ಹಂಸಪಾದ ಅಲ್ಲ, ಕೋಳಿಪಾದ. ‘ಸಂಧಿ ಯಾರು ಮಾಡ್ತಾರೆ?’ ಎಂದು ಕೇಳಿದಳು. ಓದುವವರೇ ಮಾಡಿಕೊಳ್ಳಲಿ ಎಂದೆ. ಕಾವಲಿನವನು ಒಳಗೆ ಬಂದು, ‘ಏನಮ್ಮಾ ಮಾಡ್ತಿದೀರಾ?’ ಎಂದ. ‘ಪ್ರೆಸ್ಸಿನವ್ರು. ಅಚ್ಚಿನ ತಪ್ಪು ತಿದ್ತಿದೀವಿ’ ಎಂದಳು ಅಕ್ಕ, ತಲೆ ಎತ್ತದೆ. ನಿನ್ನ ಅಮ್ಮನಿಗೆ ಇಷ್ಟು ಧೈರ್ಯ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅವಳು ಹೇಳಿದ್ದು ಅರ್ಧ ಸುಳ್ಳು. ನಾನು ಈಗ ಪ್ರೆಸ್ಸಿನವಳಲ್ಲ. ನಿನ್ನ ಸಿಟ್ಟಿನ ಪತ್ರ ಬಂದ ವಾರವೇ ಮೇಜು ಖಾಲಿ ಮಾಡಿಸಿದರು. ತಿದ್ದುಪಡಿ ಹಾಕದಿದ್ದರೆ ಸಭೆಯಲ್ಲಿ ಹೇಳುತ್ತೇನೆ ಎಂದಿದ್ದೆ, ಅದಕ್ಕೆ. ನಿನಗೆ ಹೇಳಿರಲಿಲ್ಲ.

ಸಭೆ ಶುರುವಾಯಿತು. ಅನುಮತಿ ಕೊಡುವ ಮಂಡಳಿಯ ಅಧ್ಯಕ್ಷೆ ಪುಸ್ತಿಕೆ ತೆರೆದರು, ಕೆಂಪು ನೋಡಿದರು, ಕನ್ನಡಕ ಏರಿಸಿದರು. ಕಂಪನಿಯ ವಕೀಲ ಎದ್ದು ನಿಂತು, ಯಾರೋ ದಾಖಲೆ ಹಾಳು ಮಾಡಿದ್ದಾರೆ ಎಂದು ಕೂಗಾಡಿದ. ನಾನು ಕೈ ಎತ್ತಿದೆ.

‘ಹಾಳು ಮಾಡಿದ್ದು ಮೊದಲ್ನೇ ಸಲ. ಇದು ಸರಿ ಮಾಡಿದ್ದು’ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಬರೆದವಳ ಪದ ಯಾವುದು, ನಾನು ಏನು ಹೊಡೆದು ಹಾಕಿದೆ, ಕೆಸರಿನಲ್ಲಿ ಕ್ಯಾಮೆರಾಕ್ಕೆ ಏನೂ ಕಾಣದೆ ಹೋದದ್ದು.

ವಕೀಲ ನಕ್ಕ. ‘ಅಲ್ಲಮ್ಮಾ, ಕಂಡುಬಂದಿಲ್ಲ, ಇಲ್ಲ, ಎರಡೂ ಒಂದೇ ಅಲ್ವಾ? ಒಂದು ಪದಕ್ಕೆ ಇಷ್ಟು ರಂಪ ಯಾಕೆ? ಬೇಕಾದ್ರೆ ಆ ವಿಜ್ಞಾನಿನೇ ಬಂದು ಹೇಳ್ಬಹುದಿತ್ತು. ಅವರಿಗೆ ಹುಷಾರಿಲ್ಲ, ಮೂರು ವಾರದಿಂದ ಕೆಲ್ಸದಲ್ಲೇ ಇಲ್ಲ.’

ನಾನು ತಿರುಗಿ ಅಕ್ಕನನ್ನು ನೋಡಿದೆ. ಹಿಂದಿನ ಸಾಲಿನಲ್ಲಿ ಅಕ್ಕ ಎದ್ದು ನಿಂತಳು.

‘ಸ್ವಾಮಿ, ಅವಳು ನನ್ ಮಗಳು. ಈ ಹಾಲಲ್ಲಿ ಹುಡುಕಿ ನೋಡಿ, ಎಲ್ಲೂ ಕಂಡುಬರಲ್ಲ. ಹಾಗಂತ ನನ್ ಮಗಳು ಇಲ್ಲ ಅಂತ ಬರ್ಕೊಳ್ತೀರಾ? ನನ್ ಮುಖ ನೋಡ್ಕೊಂಡು ಬರ್ಕೊಳ್ಳಿ.’

ಆ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವಕೀಲ ಕಾಗದ ತಿರುವಿಹಾಕಿದ. ಅಧ್ಯಕ್ಷೆ ಪೆನ್ನು ತೆಗೆದು ತಮ್ಮ ಪ್ರತಿಯಲ್ಲಿ ಸಂಧಿಯನ್ನು ತಾವೇ ಮಾಡಿದರು. ನಾನು ಕಣ್ಣಾರೆ ಕಂಡೆ. ‘ಎರಡನೇ ಸಲ ಕ್ಯಾಮೆರಾ ಇಳಿಸೋ ತನಕ ಅನುಮತಿ ವಿಷ್ಯ ಮಂಡಳಿ ಮುಂದೆ ಬರೋ ಹಾಗಿಲ್ಲ’ ಎಂದು ಹೇಳಿ ಬರೆಸಿದರು. ಇಳಿಸುವಾಗ ವಿಜ್ಞಾನಿಯೇ ಇರಬೇಕು ಎಂದೂ ಸೇರಿಸಿದರು.

ಈಗ ನೀನು ಹೇಳು. ನಿನಗೆ ಏನಾಗಿದೆ? ಜ್ವರವೇ? ನಿಜ ಬರೆ. ಅಕ್ಕ ಸಭೆಯಲ್ಲಿ ಹುಲಿಯ ಹಾಗೆ ನಿಂತವಳು ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ.

ಚಿಕ್ಕಮ್ಮ


ಮಾರ್ಚ್ ೨೩
ಹಡಗಿನಿಂದ

ಚಿಕ್ಕಮ್ಮ, ಅಮ್ಮ, ಇಬ್ಬರಿಗೂ,

ಜ್ವರ ಇಲ್ಲ, ನೆಗಡಿಯೂ ಇಲ್ಲ. ಕಲ್ಲುಗುಂಡಿನ ಹಾಗಿದ್ದೇನೆ.

ಪುಸ್ತಿಕೆಯ ಬಗ್ಗೆ ಜಗಳ ಆಡಿದ ಮೇಲೆ ನನಗೆ ‘ವಿಶ್ರಾಂತಿ’ ಕೊಟ್ಟರು. ಕ್ಯಾಮೆರಾ ಕೋಣೆಯ ಬೀಗ ಬದಲಾಯಿಸಿದರು. ಅದಕ್ಕೇ ನಾನು ‘ಹತ್ತಿರ’ ಎಂದು ಬರೆದದ್ದು. ಬೋರಲು ಹಾಕಿದ ಬಕೆಟ್ಟಿನ ಮೇಲೆ, ಬಾಗಿಲ ಎದುರಿಗೇ ಕೂತೆ. ನನ್ನ ಪಾಳಿಗೆ ಸರಿಯಾಗಿ ಬರುವುದು, ಮುಗಿದ ಮೇಲೆ ಏಳುವುದು. ಇಸ್ತ್ರಿ ಕೇಳಿದರೆ, ‘ಕೆಲ್ಸಕ್ಕೆ ಬಂದಿದೀನಿ’ ಎನ್ನುತ್ತಿದ್ದೆ. ಒಳಗೆ ಹೋಗಬೇಕೆಂದರೆ ಅವನು ನನ್ನನ್ನು ದಾಟಿಯೇ ಹೋಗಬೇಕು. ಮೊದಲು ಅಡುಗೆಯವರು ಚಹಾ ತಂದುಕೊಟ್ಟರು. ಆಮೇಲೆ ನೀರಿನ ಉಪ್ಪು ಅಳೆಯುವವಳು ಇನ್ನೊಂದು ಬಕೆಟ್ ತಂದು ಪಕ್ಕದಲ್ಲಿ ಕೂತಳು. ಕೊನೆಗೆ ಹಡಗಿನಲ್ಲಿ ನೆಲ ಒರೆಸಲು ಬಕೆಟ್ ಸಿಗುತ್ತಿರಲಿಲ್ಲ. ಅಮ್ಮ ಬಾಗಿಲ ಕಡೆ ಮುಖ ಮಾಡಿ ಕೂತದ್ದನ್ನು ನೀನು ಬರೆದಿದ್ದೆಯಲ್ಲ ಚಿಕ್ಕಮ್ಮ, ಅದು ಸೋತು ಕೂತದ್ದಲ್ಲ ಎಂದು ನನಗೆ ಆ ಬಕೆಟ್ಟಿನ ಮೇಲೆ ಗೊತ್ತಾಯಿತು.

ಮಂಡಳಿಯ ಆದೇಶ ಬಂದಾಗ ಅದನ್ನು ಓದಿ ಹೇಳಬೇಕಾದವನು ಇಸ್ತ್ರಿಯೇ. ಓದಿದ. ಬೀಗದ ಕೈ ನನ್ನ ಕೈಗಿಟ್ಟ. ಅಂಗಿಯ ತೋಳು ಮಡಚಿದ್ದ, ಮೊದಲ ಸಲ ಸುಕ್ಕು ನೋಡಿದೆ.

ನಿನ್ನೆ ಇಳಿಸಿದೆವು. ಈ ಸಲ ತಳಕ್ಕೆ ಬಡಿಯದ ಹಾಗೆ ಒಂದಾಳೆತ್ತರ ಮೇಲೆಯೇ ನಿಲ್ಲಿಸಿ ದೀಪ ಹಚ್ಚಿದೆವು. ನೀರು ತಿಳಿಯಾಗಿತ್ತು. ಕಪ್ಪು ಗಂಟುಗಳು ಕಣ್ಣು ಹಾಯುವಷ್ಟು ದೂರ. ಒಂದು ಗಂಟಿನ ಮೇಲೆ ತೆಳ್ಳನೆಯ ಬಿಳಿ ಕಾಂಡ, ಅದರ ತುದಿಯಲ್ಲಿ ಗಾಜಿನ ಬಟ್ಟಲು. ಅದು ಗಿಡವಲ್ಲ, ಪ್ರಾಣಿ. ನಮ್ಮ ಅಜ್ಜಿಯ ಅಜ್ಜಿ ಹುಟ್ಟುವ ಮೊದಲೇ ಅಲ್ಲಿ ಕೂತಿರಬಹುದು. ಆ ಕಾಂಡಕ್ಕೆ ಐದು ಕೈಯಿಂದ ಸುತ್ತಿಕೊಂಡ ಇನ್ನೊಂದು ಜೀವ. ಪಕ್ಕದಲ್ಲಿ ಮೈಯೆಲ್ಲ ಪಾರದರ್ಶಕವಾದ, ಸೌತೆಕಾಯಿಯಂಥ ಒಂದು ಮಹಾಶಯ ನಿಧಾನವಾಗಿ ಹೋಗುತ್ತಿದ್ದ. ತಿಂದ ಕೆಸರು ಹೊಟ್ಟೆಯಲ್ಲಿ ಸುತ್ತಿ ಸುತ್ತಿ ಹೋಗುವುದು ಹೊರಗಿನಿಂದಲೇ ಕಾಣುತ್ತಿತ್ತು. ಮುಚ್ಚಿಡಲು ಅವನ ಹತ್ತಿರ ಏನೂ ಇಲ್ಲ, ನಮ್ಮ ಮನೆಯವರ ಹಾಗಲ್ಲ. ಇಸ್ತ್ರಿ ಹಿಂದೆ ನಿಂತಿದ್ದ. ‘ಇವು... ಮೊದ್ಲಿಂದ್ಲೂ ಇಲ್ಲೇ ಇದ್ವಾ?’ ಎಂದ. ನಾನು ಅಳುತ್ತಲೇ ತಲೆಯಾಡಿಸಿದೆ.

ಕಂಪನಿ ಸುಮ್ಮನಿರುವುದಿಲ್ಲ. ಹದಿಮೂರನೇ ತುಂಡು ಕೇಳುತ್ತದೆ, ಹದಿನಾಲ್ಕನೆಯದನ್ನು ಕೇಳುತ್ತದೆ. ಕೇಳಲಿ. ಹಡಗಿನಲ್ಲಿ ಬಕೆಟ್ಟುಗಳಿವೆ.

ಚಿಕ್ಕಮ್ಮ, ನನ್ನಿಂದ ನಿನ್ನ ಮೇಜು ಹೋಯಿತು. ಸಿಟ್ಟು ಹೋಗಿದೆ, ಪೂರ್ತಿ ಅಲ್ಲ. ಅದು ಹೋಗಬೇಕಾದರೆ ಒಂದು ಕೆಲಸ ಮಾಡಿಕೊಡು. ಕೊನೆಯ ವರದಿಯ ಮೊದಲ ವಾಕ್ಯ ಕೆಳಗಿದೆ. ಈ ಸಲ ನಾನೇ ಕೇಳುತ್ತಿದ್ದೇನೆ, ತಿದ್ದಿ ವಾಪಸ್ ಕಳಿಸು. ಆಮೇಲೆ ಸಹಿ ಹಾಕುತ್ತೇನೆ, ಅವನ ಪೆನ್ನಿನಲ್ಲೇ.

‘ಹನ್ನೆರಡನೇ ತುಂಡಿನ ತಳದಲ್ಲಿ ಜೀವಿಗಳು ವಾಸವಾಗಿರುವುದು ಕಂಡುಬಂದಿರುತ್ತದೆ.’

ನಿಮ್ಮ
ಅಲ್ಪವಿರಾಮ


ಏಪ್ರಿಲ್ ೨

ಅಲ್ಪವಿರಾಮಕ್ಕೆ,

ಥೂ, ಎಂಥ ವಾಕ್ಯ ಬರೆದಿದ್ದೀಯ. ಬೇಕಂತಲೇ ಬರೆದದ್ದು ತಾನೆ?

ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ್ದೇನೆ. ಹೊಡೆದ ಪ್ರತಿ ಪದಕ್ಕೂ ಮೊದಲು ಅವಳನ್ನು ಕೇಳಿದೆ. ‘ಈಗ ನೋಡಿ ಆಯ್ತಲ್ಲ, ಹೊಡಿ’ ಎಂದಳು.

‘ಹನ್ನೆರಡನೇ ತುಂಡಿನ ತಳದಲ್ಲಿ ಜೀವಿಗಳಿವೆ.’

ಚಿಕ್ಕಮ್ಮ